ಮನಸ್ಸು ಒಣಗಿದ ದಿನಗಳಲ್ಲಿ

"ಅಕ್ಕ, ಪ್ರಾರ್ಥನೆಗೆ ಕೂತರೆ ನನಗೆ ಏನೂ ಅನ್ನಿಸೋದೇ ಇಲ್ಲ. ಬಾಯಿ ಹೇಳ್ತಾ ಇರುತ್ತೆ, ಮನಸ್ಸು ಒಲೆ ಮೇಲಿಟ್ಟ ಹಾಲಿನ ಹತ್ರ ಇರುತ್ತೆ. ನನ್ನ ನಂಬಿಕೆ ಸತ್ತೇ ಹೋಯಿತಾ?"

ಹೊಸದುರ್ಗದ ಕಡೆ ನಡೆದ ಒಂದು ಸ್ತ್ರೀಯರ ಕೂಟದಲ್ಲಿ ಎರಡು ಮಕ್ಕಳ ತಾಯಿಯೊಬ್ಬಳು ಹೀಗೆ ಕೇಳಿದಳು. ಕೇಳುವಾಗ ಅವಳ ದನಿ ಎಷ್ಟು ತಗ್ಗಿತ್ತೆಂದರೆ ಏನೋ ಕಳ್ಳತನ ಒಪ್ಪಿಕೊಳ್ಳುತ್ತಿದ್ದಾಳೆ ಎನ್ನಬೇಕು! ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಇನ್ನೂ ಹೆಚ್ಚು ಪ್ರಾರ್ಥನೆ ಮಾಡಮ್ಮ, ಒಂದೆರಡು ದಿನ ಉಪವಾಸ ಇರು, ಎಲ್ಲ ಸರಿಹೋಗುತ್ತೆ" ಎಂದು ತಟ್ಟನೆ ಹೇಳಿ ಮುಗಿಸಿಬಿಟ್ಟರು. ಮೊಲೆಹಾಲು ಕುಡಿಯುವ ಕೂಸು ಮಡಿಲಲ್ಲಿದ್ದ ಹೆಂಗಸಿಗೆ ಉಪವಾಸದ ಬುದ್ಧಿವಾದ!

ಈ ಪ್ರಶ್ನೆ ಅವಳೊಬ್ಬಳದಲ್ಲ. ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಳಗೊಳಗೇ ಕೊರಗುವ ವಿಷಯ ಇದು. ಭಾನುವಾರದ ಆರಾಧನೆಯಲ್ಲಿ ಎದುರಿನ ಬೆಂಚಿನವರು ಕಣ್ಣೊರೆಸಿಕೊಳ್ಳುತ್ತಾ ಹಾಡುತ್ತಿರುತ್ತಾರೆ. ನಮಗೋ, ಸಾರಿಗೆ ಹುಣಸೆಹಣ್ಣು ನೆನೆಹಾಕಿ ಬಂದೆನೋ ಇಲ್ಲವೋ ಎಂಬ ಯೋಚನೆ. ಆಗ 'ಅವರದು ಭಕ್ತಿ, ನನ್ನದು ಬರೀ ಅಭ್ಯಾಸ' ಎಂದು ಮನಸ್ಸು ಚುಚ್ಚುತ್ತದೆ. ಈಚೆಗೆ ಮೈಕು, ವಾದ್ಯಗಳ ಅಬ್ಬರದ ಕೂಟಗಳು ಹೆಚ್ಚಾದ ಮೇಲಂತೂ ಕಣ್ಣೀರು ಬಂದರೆ ಮಾತ್ರ ದೇವರು ಬಂದ ಹಾಗೆ ಎಂಬಂತೆ ಆಗಿಹೋಗಿದೆ. ಕಣ್ಣೀರು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಈರುಳ್ಳಿ ಹೆಚ್ಚಿದರೂ ಅದು ಬರುತ್ತದೆ.

ನಾನು ಈ ಮಾತು ಹಗುರವಾಗಿ ಆಡುತ್ತಿಲ್ಲ. 2021ರ ಏಪ್ರಿಲ್ ತಿಂಗಳಲ್ಲಿ ನನ್ನ ಯಜಮಾನರು ತೀರಿಕೊಂಡರು. ಬೆಳಿಗ್ಗೆ ಕಾಫಿ ಕುಡಿದು ಪೇಪರು ಓದುತ್ತಿದ್ದವರು ಹನ್ನೊಂದು ಗಂಟೆಗೆ ಇರಲಿಲ್ಲ. ಹೃದಯಾಘಾತ. ಅಲ್ಲಿಂದಾಚೆಗೆ ಸತ್ಯವೇದ ತೆರೆದರೆ ಅಕ್ಷರಗಳು ಕಾಣುತ್ತಿದ್ದವೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಪ್ರಾರ್ಥನೆ ಎಂದರೆ ಗೋಡೆಗೆ ಮುಖ ಮಾಡಿ ಮಾತಾಡಿದ ಹಾಗೆ. ದುಃಖವಾದರೂ ಬಂದಿದ್ದರೆ ಚೆನ್ನಾಗಿತ್ತು, ಅದೂ ಇಲ್ಲ. ಒಳಗೆಲ್ಲ ಚಳ್ಳಕೆರೆ ರಸ್ತೆಯ ಬಯಲಿನ ಹಾಗೆ ಬರೀ ಬಿಸಿಲು. ಆದರೂ ಭಾನುವಾರ ಸೀರೆಯುಟ್ಟು ಹೋಗಿ ಅದೇ ಬೆಂಚಿನಲ್ಲಿ ಕೂರುತ್ತಿದ್ದೆ, ರಾತ್ರಿ ಮಲಗುವ ಮುಂಚೆ ಕರ್ತನು ಕಲಿಸಿದ ಪ್ರಾರ್ಥನೆ ಹೇಳುತ್ತಿದ್ದೆ. ಬೇರೇನೂ ಹೇಳಲು ಬರುತ್ತಿರಲಿಲ್ಲ. "ಮನಸ್ಸಿಲ್ಲದೆ ಯಾಕಮ್ಮ ಈ ನಾಟಕ?" ಎಂದು ಓದಿದ ಮಗನೇ ಕೇಳಿದ. ಉತ್ತರ ಹೇಳಲು ಆಗ ನನಗೆ ತೋಚಲಿಲ್ಲ. ಈಗ ಒಂದಿಷ್ಟು ತೋಚುತ್ತದೆ.

'ನಂಬಿಕೆ' ಎಂಬ ನಮ್ಮ ಕನ್ನಡದ ಮಾತನ್ನೇ ನೋಡಿ. ಅದು ಕಣ್ಣುಮುಚ್ಚಿ ಅನುಭವಿಸುವ ವಸ್ತುವಲ್ಲ, ಕೈಕಾಲು ಆಡಿಸುವ ವಸ್ತು. ನಂಬಿ ಸಾಲ ಕೊಡುತ್ತೇವೆ, ನಂಬಿ ಮಗಳನ್ನು ಕೊಡುತ್ತೇವೆ, ಮಳೆ ನಂಬಿ ಬಿತ್ತುತ್ತೇವೆ. ನನ್ನ ತೌರು ಹೊಳಲ್ಕೆರೆ. ಅಲ್ಲಿನ ಬೇಸಾಯಗಾರ ಬಿತ್ತನೆಯ ದಿನ ಉಲ್ಲಾಸವಾಗಿ ಇರುತ್ತಾನೆಂದು ಯಾರಾದರೂ ತಿಳಿದಿದ್ದರೆ ಅವರು ಹೊಲ ನೋಡಿದವರಲ್ಲ. ಮುಗಿಲು ನೋಡಿ ನೋಡಿ ಅವನ ಮುಖ ಗಂಟಿಕ್ಕಿರುತ್ತದೆ, ಬೀಜಕ್ಕೆ ತಂದ ಸಾಲ ತಲೆಯಲ್ಲಿರುತ್ತದೆ. ಆದರೂ ಕೈ ಬಿತ್ತುತ್ತಲೇ ಇರುತ್ತದೆ. ಅವನ ನಂಬಿಕೆ ಇರುವುದು ಮುಖದಲ್ಲಲ್ಲ, ಕೈಯಲ್ಲಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಲು ಹಿರಿಯೂರಿನ ಹತ್ತಿರ ಮಾರಿಕಣಿವೆಯೇ ಇದೆ. ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ. ಅದಕ್ಕೆ ಹೆಸರು ಬಂದದ್ದು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರಿಂದ. 1894ರ ಡಿಸೆಂಬರಿನಲ್ಲಿ ಪತಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡಾಗ ಆಕೆ ಇನ್ನೂ ತರುಣಿ. ಮಗ ನಾಲ್ವಡಿ ಕೃಷ್ಣರಾಜರು ಚಿಕ್ಕ ಹುಡುಗ. ಆ ಸ್ಥಿತಿಯಲ್ಲಿ 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯಭಾರ ನಡೆಸಿದರು. ಈ ಕಟ್ಟೆಯ ಕೆಲಸ ಶುರುವಾದದ್ದು ಆ ಕಾಲದಲ್ಲಿಯೇ. ಆಕೆಯ ಮನಸ್ಸಿನಲ್ಲಿ ಏನಿತ್ತೋ ನಾವು ಬಲ್ಲೆವೆ? ಕಟ್ಟೆಯಂತೂ ನಿಂತಿದೆ.

ಕಟ್ಟೆ ತುಂಬಿ 1933ರಲ್ಲಿ ಕೋಡಿ ಬಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ! ಇಷ್ಟು ವರ್ಷ ನೀರು ಕೋಡಿ ಹರಿಯಲೇ ಇಲ್ಲ. ಬರಗಾಲದಲ್ಲಂತೂ ತಳದ ಬಂಡೆಗಳು ಕಾಣುವಷ್ಟು ಇಳಿಯಿತು. ಹಾಗೆಂದು 'ಈ ಕಟ್ಟೆಯಿಂದೇನು ಪ್ರಯೋಜನ' ಎಂದು ಯಾರೂ ಅದನ್ನು ಒಡೆಯಲು ಹೋಗಲಿಲ್ಲ. ತುಂಬದ ವರ್ಷಗಳಲ್ಲೂ ಇದ್ದಷ್ಟು ನೀರು ನಾಲೆಗೆ ಹರಿಯಿತು, ತೆಂಗು ಅಡಿಕೆ ಉಳಿದವು, ಹಿರಿಯೂರು ಚಿತ್ರದುರ್ಗಗಳಿಗೆ ಕುಡಿಯುವ ನೀರು ಬಂತು. ಕೋಡಿ ಬೀಳುವುದು ಹಬ್ಬ ನಿಜ. ಆದರೆ ಊರು ಬದುಕುವುದು ಕಟ್ಟೆಯಿಂದ.

ಆ ಸೆಪ್ಟೆಂಬರಿನಲ್ಲಿ ಹಿರಿಯೂರಿನಲ್ಲಿರುವ ನನ್ನ ತಂಗಿ ಬಲವಂತ ಮಾಡಿ ಕೋಡಿ ನೋಡಲು ಕರೆದುಕೊಂಡು ಹೋದಳು. ಜನವೋ ಜನ. ನನಗೆ ಅಲ್ಲಿಯೂ ವಿಶೇಷವೇನೂ ಅನ್ನಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆದರೆ ಪಕ್ಕದಲ್ಲಿ ನಿಂತಿದ್ದ ಮುದುಕಿಯೊಬ್ಬಳು ಯಾರಿಗೆಂದಿಲ್ಲದೆ ಆಡಿದ ಮಾತು ಕಿವಿಯಲ್ಲಿ ಉಳಿಯಿತು. "ನಮ್ಮಪ್ಪ ಹುಡುಗ ಆಗಿದ್ದಾಗ ಇದನ್ನ ನೋಡಿದ್ನಂತೆ. ಸಾಯೋಗಂಟ ಹೇಳ್ತಿದ್ದ. ನಾವು ಅಪ್ಪ ಕತೆ ಕಟ್ತಾನೆ ಅಂತ ನಗ್ತಿದ್ವಿ." ಬರದಲ್ಲಿ ಬಿರುಕುಬಿಟ್ಟ ಕೆರೆಯಂಗಳ ನೋಡುತ್ತಾ ಆ ಹಿರಿಯ ತಾನು ಕಂಡ ಆ ಒಂದು ದಿನವನ್ನು ಬಿಡದೆ ಹಿಡಿದುಕೊಂಡಿದ್ದ. ಮಕ್ಕಳು ನಕ್ಕರೂ ಬಿಡಲಿಲ್ಲ. ಕಂಡದ್ದು ಕಂಡದ್ದೇ ತಾನೆ? (2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅದು ಬೇರೆ ಮಾತು.)

ನಮ್ಮಂಥ ಸಾಮಾನ್ಯರಿಗೆ ಹೀಗಾಗುವುದು ಸರಿ, ದೊಡ್ಡವರಿಗೆ ಹೀಗಾದೀತೆ ಎನ್ನುವಿರಾ? ಮದರ್ ತೆರೇಸಾ ಅವರ ಸಂಗತಿ ಕೇಳಿ. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ, ಎಲ್ಲವನ್ನೂ ಬಿಟ್ಟು ಬಡವರಲ್ಲಿ ಬಡವರ ಸೇವೆಗೆ ಬಾ ಎಂಬ ಕರೆ ತಮ್ಮ ಒಳಗೆ ಕೇಳಿಸಿತೆಂದು ಅವರು ಹೇಳುತ್ತಿದ್ದರು. ಆಗಿನ ಸಂತೋಷ, ದೇವರ ಸಾಮೀಪ್ಯ ಅಷ್ಟಿಷ್ಟಲ್ಲ. ಕಲ್ಕತ್ತೆಯ ಕೊಳೆಗೇರಿಯಲ್ಲಿ ಕೆಲಸ ಶುರುವಾದ ಹೊತ್ತಿಗೆ ಆ ಸಂತೋಷ ಎದ್ದುಹೋಯಿತು. ಹೋದದ್ದು ಒಂದೆರಡು ವಾರವಲ್ಲ, ಸುಮಾರು ಐವತ್ತು ವರ್ಷ! 1958ರಲ್ಲಿ ಕೆಲವು ವಾರ ಮಾತ್ರ ಮೋಡ ಸರಿದ ಹಾಗಾಗಿ ಮತ್ತೆ ಅದೇ ಕತ್ತಲು. ಇದನ್ನೆಲ್ಲ ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಕಾಗದ ಬರೆದು ತಿಳಿಸಿದ್ದರು, ಆ ಕಾಗದಗಳನ್ನು ಸುಟ್ಟುಹಾಕಿರೆಂದೂ ಕೇಳಿಕೊಂಡಿದ್ದರು. ಅವು ಉಳಿದು, ಅವರು ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಪುಸ್ತಕವಾಗಿ ಬಂದಾಗ ಲೋಕವೆಲ್ಲ ಬೆರಗಾಯಿತು. 'ನೋಡಿ, ಇವರಿಗೇ ನಂಬಿಕೆ ಇರಲಿಲ್ಲ' ಎಂದು ಕೆಲವರು ಬರೆದರು.

ನನಗೆ ಹಾಗೆ ಅನ್ನಿಸುವುದಿಲ್ಲ. ಬೆಳಗಿನ ಜಾವ ಎದ್ದು ಪ್ರಾರ್ಥನೆಗೆ ಕೂರುತ್ತಿದ್ದರು. ಆಮೇಲೆ ಬೀದಿಯಲ್ಲಿ ಸಾಯುತ್ತಿದ್ದವರನ್ನು ಎತ್ತಿ ತಂದು ಹುಣ್ಣು ತೊಳೆಯುತ್ತಿದ್ದರು. ಒಳಗೆ ಏನೂ ಅನ್ನಿಸದಿದ್ದರೂ ಐವತ್ತು ವರ್ಷ ಹೀಗೆ ಮಾಡುವುದು ನಂಬಿಕೆಯಲ್ಲದಿದ್ದರೆ ಇನ್ನಾವುದು ನಂಬಿಕೆ? ರೈಲಿನಲ್ಲಿ ಕರೆ ಬಂದ ಸೆಪ್ಟೆಂಬರ್ 10ನ್ನು ಅವರ ಸಭೆಯ ಸಿಸ್ಟರುಗಳು ಪ್ರತಿ ವರ್ಷವೂ ವಿಶೇಷ ದಿನವಾಗಿ ಆಚರಿಸುತ್ತಾರೆ. ಆ ಅನುಭವ ಮತ್ತೆ ಅದೇ ರೀತಿ ಬರಲಿಲ್ಲ, ಆದರೆ ಅದು ಸುಳ್ಳೆಂದು ಅವರು ಒಂದು ದಿನವೂ ಎಣಿಸಲಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಕಟ್ಟಿ, 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದ ದೇವಾಲಯಗಳು ಅನೇಕ ಇವೆ. ಆ ಮಿಷನ್ನಿನ ಮೂಲಪುರುಷ ಜಾನ್ ವೆಸ್ಲಿಯೂ ಹೀಗೆಯೇ. 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಅವರ ಹೃದಯ ಬೆಚ್ಚಗಾದ ಕತೆಯನ್ನು ನಮ್ಮ ಅಯ್ಯನವರುಗಳು ಮೇಲಿಂದ ಮೇಲೆ ಹೇಳುತ್ತಾರೆ. ಎಂಟು ತಿಂಗಳೂ ಕಳೆಯದೆ, 1739ರ ಜನವರಿಯಲ್ಲಿ, ತಾನು ಇನ್ನೂ ಕ್ರೈಸ್ತನೇ ಅಲ್ಲ, ದೇವರ ಮೇಲೆ ಪ್ರೀತಿಯೇ ಇಲ್ಲ ಎಂದು ಅದೇ ಮನುಷ್ಯ ದಿನಚರಿಯಲ್ಲಿ ಬರೆದುಕೊಂಡರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ! ಹೇಳಿದ್ದರೆ ಎಷ್ಟು ಜನ ಹೆಂಗಸರು ಅಂದು ಹಗುರಾಗಿ ಮನೆಗೆ ಹೋಗುತ್ತಿದ್ದರೋ. ಹಾಗೆ ಬರೆದುಕೊಂಡವರು 1791ರಲ್ಲಿ ಸಾಯುವವರೆಗೂ ಕುದುರೆಯ ಮೇಲೆ, ಗಾಡಿಯಲ್ಲಿ ಊರೂರು ತಿರುಗಿ ಸುವಾರ್ತೆ ಸಾರಿದರು.

ಭಾವನೆಗಳು ಹುಸಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಅವು ದೇವರು ಕೊಟ್ಟವೇ. ಆದರೆ ಅವು ನಮ್ಮ ಮೈಗೆ ಅಂಟಿಕೊಂಡಿವೆ ಎಂಬುದನ್ನು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಣಂತಿತನ, ಮುಟ್ಟು ನಿಲ್ಲುವ ಕಾಲ, ರಕ್ತಹೀನತೆ, ಥೈರಾಯ್ಡ್, ವಾರಗಟ್ಟಲೆ ನಿದ್ದೆಗೆಟ್ಟು ರೋಗಿಯ ಶುಶ್ರೂಷೆ, ಇಂಥ ಹೊತ್ತಿನಲ್ಲಿ ಮನಸ್ಸು ಮಂಕಾದರೆ ಅದು ಭಕ್ತಿಯ ಕೊರತೆಯೆ? ಪ್ರವಾದಿ ಎಲೀಯನ ಕತೆ ಓದಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಜಯ ಕಂಡವನು ಸ್ವಲ್ಪ ಕಾಲದಲ್ಲೇ ಅಡವಿಯಲ್ಲಿ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ಅದನ್ನು ಓದಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ನಮ್ಮ ಕಡೆಯ ಜಾಲಿಗಿಡವೇ. ದೇವರು ಅವನನ್ನು ಗದರಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಲಗಲು ಬಿಟ್ಟನು. ದೂತನನ್ನು ಕಳಿಸಿ ಬಿಸಿ ರೊಟ್ಟಿ, ತಂಬಿಗೆ ನೀರು ಕೊಡಿಸಿದನು. ಮತ್ತೆ ಮಲಗಲು ಬಿಟ್ಟು, ಮತ್ತೆ ಉಣ್ಣಿಸಿದನು. ಮಾತುಕತೆ ಆಮೇಲೆ. ಯಾವ ತಾಯಿಯೂ ಇದಕ್ಕಿಂತ ಬೇರೆ ಏನು ಮಾಡಿಯಾಳು?

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಎರಡು ವಾರಕ್ಕೂ ಮೀರಿ ನಿದ್ದೆ ಬಾರದೆ, ಊಟ ಸೇರದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ, ಬದುಕಿರುವುದೇ ಬೇಡ ಎನ್ನಿಸುತ್ತಿದ್ದರೆ ಅದನ್ನು ನಂಬಿಕೆಯ ಲೆಕ್ಕಕ್ಕೆ ಹಾಕಬೇಡಿ, ಡಾಕ್ಟರ ಹತ್ತಿರ ಹೋಗಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ 'ಟೆಲಿ ಮಾನಸ್' ಎಂಬ ವ್ಯವಸ್ಥೆ ಇದೆ. 14416 ನಂಬರಿಗೆ ಫೋನು ಮಾಡಿದರೆ ಹಣವಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೆ ರೊಟ್ಟಿ ತಂದ ದೂತ ಇವತ್ತು ಮಾತ್ರೆಯನ್ನೂ ತಂದಾನು.

ಹಾಗಾದರೆ ಸಂತೋಷದ ದಿನಗಳಿಂದ ಪ್ರಯೋಜನವೇನು? ನೆನಪಿಡುವುದಕ್ಕೆ! ಯೊರ್ದನ್ ನದಿಯನ್ನು ದಾಟಿದ ಇಸ್ರಾಯೇಲ್ಯರು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲು ಹೊತ್ತು ತಂದು ನಿಲ್ಲಿಸಿದ್ದು, ಮುಂದೆ ಮಕ್ಕಳು 'ಈ ಕಲ್ಲು ಯಾಕೆ' ಎಂದು ಕೇಳಿದರೆ ಹೇಳುವುದಕ್ಕೆ. ನಲವತ್ತೆರಡನೆಯ ಕೀರ್ತನೆಯನ್ನು ಹಾಡಿದವನೂ ಬಾಯಾರಿದ ಜಿಂಕೆಯಂತೆ ಒಣಗಿಹೋಗಿದ್ದಾಗ ಮೊದಲು ಮಾಡಿದ ಕೆಲಸ ನೆನಪು ಮಾಡಿಕೊಂಡದ್ದು, ಜನರ ಗುಂಪಿನ ಜೊತೆ ಹಬ್ಬಕ್ಕೆ ದೇವಾಲಯಕ್ಕೆ ನಡೆದುಹೋಗುತ್ತಿದ್ದ ದಿನಗಳನ್ನು. ಆಮೇಲೆ ತನ್ನ ಮನಸ್ಸನ್ನು ತಾನೇ ಪ್ರಶ್ನೆ ಕೇಳುತ್ತಾನೆ. ಮನಸ್ಸು ಹೇಳಿದ್ದನ್ನು ಕೇಳುತ್ತಾ ಕೂರದೆ ಮನಸ್ಸಿಗೆ ತಾನು ಹೇಳುತ್ತಾನೆ. ಫ್ರಾನ್ಸ್ ದೇಶದ ಗಣಿತಜ್ಞ ಪಾಸ್ಕಲ್ ಅವರಿಗೆ 1654ರ ನವೆಂಬರ್ 23ರ ರಾತ್ರಿ ಎರಡು ಗಂಟೆಗಳಷ್ಟು ಕಾಲ ಅಪಾರ ದೈವಾನುಭವವಾಯಿತು. ಅದನ್ನು ಒಂದು ಹಾಳೆಯಲ್ಲಿ ಬರೆದು ಕೋಟಿನ ಒಳಪದರದಲ್ಲಿ ಹೊಲಿದಿಟ್ಟುಕೊಂಡಿದ್ದರು. 1662ರಲ್ಲಿ ಅವರು ಸತ್ತ ಮೇಲೆಯೇ ಅದು ಸಿಕ್ಕಿದ್ದು. ಅಷ್ಟು ದೊಡ್ಡ ಬುದ್ಧಿವಂತರಿಗೂ ಮರೆತುಹೋದೀತೆಂಬ ಭಯವಿತ್ತು!

ನನ್ನ ತಾಯಿ ಪಾಸ್ಕಲ್ ಹೆಸರು ಕೇಳಿದವಳಲ್ಲ. ಅವಳ ಹತ್ತಿರ ಇದ್ದದ್ದು ಹಾಲಿನ ಲೆಕ್ಕದ ಪುಸ್ತಕ. ಹೊಳಲ್ಕೆರೆಯ ಮನೆಯಲ್ಲಿ ಅಡುಗೆಮನೆಯ ಗೂಡಿನಲ್ಲಿ ಸೀಸದ ಕಡ್ಡಿ ಕಟ್ಟಿದ ದಾರದ ಸಮೇತ ಅದು ಸದಾ ಇರುತ್ತಿತ್ತು. ಅವಳು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅಂಥವು ಆರೇಳು ಸಿಕ್ಕವು. ಎಡಗಡೆ ಹಾಲು, ಬಲಗಡೆ ಒಂದೊಂದು ಸಾಲು. 'ಮಳೆ ಬಂತು. ಬಾವಿಗೆ ನೀರು.' 'ಇವರಿಗೆ ಸಂಬಳವಾಯಿತು. ಮಕ್ಕಳಿಗೆ ಚಪ್ಪಲಿ.' 'ಕ್ರಿಸ್‌ಮಸ್. ಕಜ್ಜಾಯ ಬೀದಿಯವರಿಗೆಲ್ಲ ಸಾಕಾಯಿತು.' ನಮ್ಮದು ಬೀದಿಗೆಲ್ಲ ಒಂದೇ ಕ್ರೈಸ್ತ ಮನೆ. ಯುಗಾದಿಗೆ ಎದುರು ಮನೆಯಿಂದ ಹೋಳಿಗೆ ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನಮ್ಮಿಂದ ಕಜ್ಜಾಯ, ಚಕ್ಕುಲಿ ಹೋಗುತ್ತಿತ್ತು. ತಟ್ಟೆ ಬರಿದಾಗಿ ವಾಪಸು ಬರಬಾರದೆಂದು ಅವರು ಸಕ್ಕರೆ ಹಾಕಿ ಕಳಿಸುತ್ತಿದ್ದರು. ಆ ಸಕ್ಕರೆಯೂ ಪುಸ್ತಕದಲ್ಲಿ ದಾಖಲಾಗಿದೆ! ಇನ್ನೊಂದು ಕಡೆ, 'ಚಿಕ್ಕವಳ ಜ್ವರ ಬಿಟ್ಟಿತು. ರಾತ್ರಿ ಮೂರು ಗಂಟೆಗೆ ಗಂಜಿ ಕೇಳಿದಳು. ಸ್ತೋತ್ರ.' ಆ ಚಿಕ್ಕವಳು ನಾನು.

ಯಜಮಾನರು ಹೋದ ಹೊಸತರಲ್ಲಿ ಈ ಪುಸ್ತಕ ತೆರೆದು ಎರಡು ಪುಟ ಓದಿ ಮುಚ್ಚಿಟ್ಟೆ. ಸಂತೋಷದ ನೆನಪು ಮೊದಲು ಕುಟುಕುತ್ತದೆ, ಇದನ್ನು ಯಾರೂ ಮುಚ್ಚಿಡಬಾರದು. 'ಆಗ ಹಾಗಿತ್ತು, ಈಗ ಹೀಗಾಯಿತು' ಎಂಬ ಹೋಲಿಕೆ ಚೇಳಿನ ಹಾಗೆ. ಆರು ತಿಂಗಳು ಮುಟ್ಟಲಿಲ್ಲ. ಹೊಸ ದುಃಖದಲ್ಲಿರುವವರ ಎದುರು ಹಳೆಯ ಫೋಟೋ ತಂದು ಹರಡುವ ನೆಂಟರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಆಮೇಲೆ ಒಂದು ಮಧ್ಯಾಹ್ನ, ಕೆಲಸವಿಲ್ಲದೆ, ಮತ್ತೆ ತೆರೆದೆ. ಆಗ ಕುಟುಕಲಿಲ್ಲ. ಜ್ವರ ಬಿಟ್ಟದ್ದು ನಿಜ, ಗಂಜಿ ಕುಡಿದದ್ದು ನಿಜ, ಅಮ್ಮ ಸ್ತೋತ್ರ ಹೇಳಿದ್ದೂ ನಿಜ. ಈಗ ನನಗೆ ಏನು ಅನ್ನಿಸುತ್ತದೆ, ಅನ್ನಿಸುವುದಿಲ್ಲ ಎಂಬುದರಿಂದ ಅವು ಸುಳ್ಳಾಗುವುದಿಲ್ಲ.

ನಾನೂ ಒಂದು ನೋಟ್‌ಬುಕ್ ಇಟ್ಟೆ. ದೊಡ್ಡ ದೊಡ್ಡ ಮಾತು ಬರೆಯಲು ಹೋಗಲಿಲ್ಲ, ತಾರೀಖು, ಒಂದು ಸಾಲು, ಅಷ್ಟೇ. ನೆನಪಿಗೆ ಬಂದ ಹಳೆಯದನ್ನೂ ಬರೆದೆ. ಮದುವೆಯಾದ ಹೊಸತರಲ್ಲಿ ಇವರು ಕೋಟೆಗೆ ಕರೆದುಕೊಂಡು ಹೋಗಿ ಅಕ್ಕ ತಂಗಿ ಹೊಂಡದ ಹತ್ತಿರ ಕೂರಿಸಿ ಬುತ್ತಿ ಬಿಚ್ಚಿದ್ದು. ಮಗ ಎಸ್ಸೆಸ್ಸೆಲ್ಸಿ ಪಾಸಾದ ದಿನ ಇವರು ನಾಚಿಕೆ ಬಿಟ್ಟು ಅತ್ತದ್ದು. ಒಂದು ಗುಡ್ ಫ್ರೈಡೆ ಆರಾಧನೆಯಲ್ಲಿ, ಯಾವ ಕಾರಣವೂ ಇಲ್ಲದೆ, ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗೆ ಆಗಿ ಹಣೆ ಬೆಂಚಿಗೆ ಒರಗಿಸಿ ಕೂತದ್ದು. ಇದು ಎಂದು ಆಯಿತೆಂದು ಜ್ಞಾಪಕವಿಲ್ಲ, ಆದದ್ದು ಮಾತ್ರ ಜ್ಞಾಪಕವಿದೆ.

ಬರಡುತನ ಒಂದೇ ದಿನಕ್ಕೆ ಹೋಗಲಿಲ್ಲ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಅಲ್ಲಾಡಿಸಿ ನೋಡಿದರೆ ಮೊಸರಾಗುವುದಿಲ್ಲವಲ್ಲ. ನಾನೂ ನೋಡುವುದನ್ನು ಬಿಟ್ಟೆ. ಈಗ ಕೆಲವು ದಿನ ಹಾಡು ಗಂಟಲು ತುಂಬಿ ಬರುತ್ತದೆ, ಕೆಲವು ದಿನ ಬರುವುದಿಲ್ಲ.

ಅಮ್ಮನ ಪುಸ್ತಕಗಳನ್ನು ಈಚೆಗೆ ಪೂರ್ತಿ ಓದಿದೆ. ನನ್ನ ತಮ್ಮ ಆರು ವರ್ಷದವನಾಗಿದ್ದಾಗ ತೀರಿಕೊಂಡ. ಆ ವರ್ಷದ ಪುಸ್ತಕದಲ್ಲಿ ಬಲಗಡೆ ಏನಿರಬಹುದೆಂದು ನೋಡಲು ನನಗೆ ಧೈರ್ಯವಿರಲಿಲ್ಲ. ಅವನು ಹೋದ ಮರುದಿನದಿಂದ ನಾಲ್ಕು ತಿಂಗಳು, ಪುಟದಿಂದ ಪುಟಕ್ಕೆ, ಒಂದೇ ಸಾಲು ಇದೆ. ಎಡಗಡೆ 'ಹಾಲು ಅರ್ಧ ಸೇರು.' ಬಲಗಡೆ 'ಇವತ್ತು ಏನೂ ಇಲ್ಲ. ಪ್ರಾರ್ಥನೆ ಆಯಿತು.'